ಚರಗದ ಹೊಲದಲ್ಲಿ ಧರ್ಮದ ಕಾಲಂ

ಪ್ರಶ್ನೆ: ನಾವು ಕಲಬುರಗಿಯಲ್ಲಿದ್ದೇವೆ. ಊರು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ (ಭೂತಾಯಿಗೆ ನೈವೇದ್ಯವೆಂದು ಅಡುಗೆಯನ್ನು ಹೊಲದಲ್ಲಿ ಚೆಲ್ಲಿ), ಒಟ್ಟಿಗೆ ಉಣ್ಣುವುದು ನಮ್ಮ ರೂಢಿ. ಭಾವ ಊರಿನಲ್ಲಿ ಒಕ್ಕಲುತನ ಮಾಡುತ್ತಾರೆ, ಅತ್ತೆ ಅವರ ಜೊತೆಗಿದ್ದಾರೆ. ಮೈದುನನಿಗೆ ಬೆಂಗಳೂರಿನಲ್ಲಿ ನೌಕರಿ. ಜಾತಿ ಸಮೀಕ್ಷೆಯವರು ಬಂದಾಗ ಭಾವ ಮನೆಯವರೆಲ್ಲರ ಧರ್ಮ ಹಿಂದೂ, ಜಾತಿ ವೀರಶೈವ ಲಿಂಗಾಯತ ಎಂದು ಬರೆಸಿದರು. ಮೈದುನ ಲಿಂಗಾಯತವೇ ಧರ್ಮ ಎನ್ನುವವನು. ಕಳೆದ ಎಳ್ಳ ಅಮಾವಾಸ್ಯೆಯಂದು ಊಟಕ್ಕೆ ಕುಳಿತಾಗ "ಅವ್ವನ ಧರ್ಮವನ್ನು ಹಾಗೇಕೆ ಬರೆಸಿದೆ" ಎಂದು ಕೇಳಿದ. ಮಾತಿಗೆ ಮಾತು ಬೆಳೆದು, ಅರ್ಧ ಊಟಕ್ಕೆ ಎದ್ದು ಹೆಂಡತಿ ಮಕ್ಕಳ ಸಮೇತ ಕಾರು ಹತ್ತಿದ. ಈ ಸಲ ಅತ್ತೆ "ಇಬ್ಬರೂ ಬರಬೇಕು, ನೀನೇ ಹೇಗಾದರೂ ಸಂಭಾಳಿಸು" ಎನ್ನುತ್ತಾರೆ. ನಮ್ಮ ಯಜಮಾನರು "ತಮ್ಮನನ್ನು ಕರೆಯುವುದೇ ಬೇಡ" ಎನ್ನುತ್ತಾರೆ. ಮೈ ಸರಿಯಿಲ್ಲ ಎಂದು ಹೇಳಿ ನಾನೇ ಮನೆಯಲ್ಲಿ ಉಳಿದುಬಿಡಲೇ?

— ನಡುವಿನ ಸೊಸೆ, ಕಲಬುರಗಿ

ಉತ್ತರ: ತಂಗಿ, ಉಳಿಯಬೇಡಿ. ನೀವು ನೆಪ ಹೇಳಿದರೆ ಜಗಳವೇನೂ ನಿಲ್ಲುವುದಿಲ್ಲ, ನಿಮ್ಮ ಪಾಲಿನ ರೊಟ್ಟಿಯನ್ನೂ ನೆಗೆಣ್ಣಿ ಬಡಿಯಬೇಕಾಗುತ್ತದೆ ಅಷ್ಟೆ.

ನಿಮ್ಮ ಕಾಗದದಲ್ಲಿ ನನಗೆ ಸಿಟ್ಟು ತರಿಸಿದ್ದು "ನೀನೇ ಸಂಭಾಳಿಸು" ಎಂಬ ಮಾತು. ಎಳ್ಳ ಅಮಾವಾಸ್ಯೆಯ ಅಡುಗೆ ಎಂದರೇನು ಎಂಬುದು ಮಾಡಿದವರಿಗೆ ಗೊತ್ತು. ಹಿಂದಿನ ದಿನವೇ ಕುಳಿತು ಭಜ್ಜಿಗೆ ಸೊಪ್ಪು ಸೋಸಬೇಕು, ಹಸಿ ತೊಗರಿ, ಅವರೆ, ಕಡಲೆ ಸುಲಿಯಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮೊದಲೇ ಬಡಿದಿಡಬೇಕು. ಬೆಳಗಿನ ಜಾವಕ್ಕೆ ಎದ್ದು ಕಡುಬು, ಹೋಳಿಗೆ, ಅಂಬಲಿ, ಹಿಂಡಿ. ಅಷ್ಟನ್ನೂ ಬುಟ್ಟಿಗೆ ತುಂಬಿ, ಮೇಲೆ ಬಟ್ಟೆ ಕಟ್ಟಿ ಹೊಲ ಮುಟ್ಟಿಸಿದ ಹೆಂಗಸರೇ ಆಮೇಲೆ ಯಾವ ಗಂಡಸಿನ ಮುಖ ಯಾವಾಗ ಕೆಂಪಾಗುತ್ತದೋ ಎಂದು ಜೀವ ಹಿಡಿದುಕೊಂಡು ಬಡಿಸಬೇಕು. ಜಗಳ ತೆಗೆದವರು ಇಬ್ಬರು, ತೀರಿಸಬೇಕಾದವರು ನೀವು. ಇದು ಯಾವ ಊರಿನ ನ್ಯಾಯ?

ಈ ಕೆಲಸ ನಿಮ್ಮ ಯಜಮಾನರದು. ಅಣ್ಣನಿಗೂ ತಮ್ಮನಿಗೂ ನಡುವೆ ಹುಟ್ಟಿದವರು ಅವರು. "ಕರೆಯುವುದೇ ಬೇಡ" ಎನ್ನುವುದು ಸುಲಭ. ಆದರೆ ಚರಗಕ್ಕೆ ಒಡಹುಟ್ಟಿದವನನ್ನು ಕರೆಯಲಿಲ್ಲ ಎಂದರೆ ಊರು ಅದಕ್ಕೆ ಬೇರೆಯೇ ಅರ್ಥ ಹಚ್ಚುತ್ತದೆ. ಹೊಲದ ಪಾಲಿಗೆ ತಕರಾರು ಬಿದ್ದಿದೆ ಎಂಬ ಸುದ್ದಿ ಸಂಜೆಯೊಳಗೆ ಕಟ್ಟೆಗೆ ಮುಟ್ಟಿರುತ್ತದೆ. ಆಗ ಇಲ್ಲದ ತಕರಾರೂ ಹುಟ್ಟಿಕೊಳ್ಳುತ್ತದೆ.

ಅಮಾವಾಸ್ಯೆಗೆ ಹದಿನೈದು ದಿನ ಮೊದಲೇ ಅವರು ಇಬ್ಬರೊಂದಿಗೂ ಬೇರೆ ಬೇರೆಯಾಗಿ ಮಾತನಾಡಲಿ. ಕೇಳಬೇಕಾದದ್ದು ಒಂದೇ ಮಾತು: ಬುಟ್ಟಿ ಮನೆ ಬಿಟ್ಟಾಗಿನಿಂದ ಬುಟ್ಟಿ ಮನೆಗೆ ಮರಳುವವರೆಗೆ ಕಾಲಂ ವಿಷಯ ಎತ್ತಬಾರದು. ಅಭಿಪ್ರಾಯ ಬದಲಿಸು, ಅಣ್ಣನ ಕಾಲು ಹಿಡಿ, ತಮ್ಮನ ಕ್ಷಮೆ ಕೇಳು ಎಂಬ ಯಾವುದೂ ಬೇಡ. ಮೊಬೈಲಿನಲ್ಲಿ ಸ್ವಾಮೀಜಿಗಳ ಭಾಷಣ ಹಚ್ಚಿ ಎಲ್ಲರಿಗೂ ಕೇಳಿಸುವ ನೆಂಟರೊಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ, ಅವರಿಗೂ ಈ ಮಾತು ಮುಂಚೆಯೇ ತಲುಪಲಿ.

ನೀವೂ ಒಂದು ಮಾತನ್ನು ಅಪ್ಪಿತಪ್ಪಿಯೂ ಆಡಬೇಡಿ. "ಎಲ್ಲ ಒಂದೇ ಬಿಡಿ, ಇದಕ್ಕೇಕೆ ಜಗಳ" ಎಂಬುದು ಆ ಮಾತು. ಸಮಾಧಾನಕ್ಕೆಂದು ಆಡಿದರೂ ಅದು ಇಬ್ಬರನ್ನೂ ಕೆರಳಿಸುತ್ತದೆ. ಭಾವನಿಗೆ ಗುರುಪೀಠದ ಪರಂಪರೆ ಹೇಗೋ, ಮೈದುನನಿಗೆ ಬಸವಣ್ಣ ಹಾಗೆ. ಇಬ್ಬರಿಗೂ ಇದು ಹಗುರವಾದ ವಿಷಯವಲ್ಲ. ಲಿಂಗಾಯತವನ್ನು ಪ್ರತ್ಯೇಕ ಧರ್ಮವೆಂದು ಮಾನ್ಯ ಮಾಡಬೇಕೆಂದು 2017ರ ಜುಲೈನಲ್ಲಿ ಬೀದರಿನಲ್ಲಿ ದೊಡ್ಡ ಸಮಾವೇಶ ನಡೆಯಿತು, ಅದೇ ವರ್ಷ ನಮ್ಮ ಕಲಬುರಗಿಯಲ್ಲೂ ನಡೆಯಿತು. ಆ ಬೇಡಿಕೆಯ ಬಗ್ಗೆ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ಸಮಿತಿ ವರದಿ ಕೊಟ್ಟಿತು. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. 2025ರ ಸೆಪ್ಟೆಂಬರ್ 22ರಂದು ಸಮೀಕ್ಷೆ ಶುರುವಾದಾಗ ಅದೇ ಪ್ರಶ್ನೆ ಮನೆ ಮನೆಯ ಬಾಗಿಲಿಗೆ ಬಂದು ನಿಂತಿತು. ಮಠಾಧೀಶರು, ಮಂತ್ರಿಗಳು, ನ್ಯಾಯಮೂರ್ತಿಗಳೆಲ್ಲ ಸೇರಿಯೂ ಬಗೆಹರಿಯದ್ದು ನಿಮ್ಮ ಹೊಲದಲ್ಲಿ ಭಜ್ಜಿ ಮುಗಿದು ಅಂಬಲಿ ಬರುವಷ್ಟರಲ್ಲಿ ಬಗೆಹರಿಯುವುದಿಲ್ಲ. ವಾದವೇ ಕೂಡದು ಎಂದು ನಾನು ಹೇಳುತ್ತಿಲ್ಲ. ಬಸವಕಲ್ಯಾಣ ಪಕ್ಕದಲ್ಲೇ ಇಟ್ಟುಕೊಂಡು ಹಾಗೆ ಹೇಳಲು ಬಾಯಿಯೂ ಬಾರದು. ರಾತ್ರಿ ಮನೆಯ ಪಡಸಾಲೆಯಲ್ಲಿ ಕುಳಿತು ಬೆಳಗಿನವರೆಗೆ ಬೇಕಾದರೂ ವಾದಿಸಲಿ, ಚಹಾ ಅವರೇ ಮಾಡಿಕೊಳ್ಳಲಿ.

ಪಾಂಡವರೆಂದು ಐದು ಕಲ್ಲಿಟ್ಟು ಪೂಜಿಸುವಾಗ ಮೈದುನ ಕೈ ಮುಗಿಯದಿರಬಹುದು. ಮುಗಿಯಲೇಬೇಕೆಂದು ಯಾರೂ ಹಟ ಹಿಡಿಯುವುದು ಬೇಡ. ಅವನೂ ಅಲ್ಲೇ ನಿಂತು ಮೂಢನಂಬಿಕೆಯ ಬಗ್ಗೆ ಉಪನ್ಯಾಸ ಕೊಡುವುದು ಬೇಡ. ಪೂಜೆ ಮುಗಿದ ಮೇಲೆ ಚರಗ ಚೆಲ್ಲುವ ಕೆಲಸವನ್ನು ಅಣ್ಣ ತಮ್ಮ ಇಬ್ಬರಿಗೇ ಒಪ್ಪಿಸಿ. ಒಬ್ಬರು ಜೋಳದ ಸಾಲಿನಲ್ಲಿ ಚರಗ ಚೆಲ್ಲುತ್ತ ನಡೆದರೆ ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಹೋಗಬೇಕಷ್ಟೇ. ಇದರಿಂದ ಮನಸ್ಸು ಕರಗಿ ನೀರಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಹೊಲದ ನಾಲ್ಕೂ ಬದು ಸುತ್ತಿ ಬರುವಷ್ಟು ಹೊತ್ತು ಇಬ್ಬರ ಕೈಗೂ ಬಾಯಿಗೂ ಬೇರೆ ಕೆಲಸವಿರುತ್ತದೆ, ಹಸಿವೆಯೂ ಆಗುತ್ತದೆ. ಊಟಕ್ಕೆ ಕುಳಿತಾಗ ಮಾತು ಬೇಕೆಂದರೆ ತೊಗರಿಗೆ ಬೀಳುವ ನೆಟೆರೋಗವಿದೆ, ಭೀಮೆಯ ಹೊಳೆ ಬಂದು ಹೋದ ಬೆಳೆಯ ಚಿಂತೆಯಿದೆ. ಅದರಲ್ಲಿ ಇಬ್ಬರದೂ ಒಂದೇ ದನಿ. ಬೆಳೆ ವಿಮೆಯ ಸುದ್ದಿಗೆ ಮಾತ್ರ ಹೋಗಬೇಡಿ, ಅಲ್ಲಿಂದ ರಾಜಕೀಯಕ್ಕೆ ಒಂದೇ ಹೆಜ್ಜೆ.

ಇಷ್ಟಾದರೂ ಯಾರಾದರೂ ಬಾಯಿ ಜಾರಿದರೆ, "ಅಣ್ಣಾ, ಇದು ರಾತ್ರಿಗಿರಲಿ" ಎಂದು ನಿಮ್ಮ ಯಜಮಾನರೇ ತಡೆಯಬೇಕು, ನೀವಲ್ಲ. ಮೈದುನ ಮತ್ತೆ ಎದ್ದು ಹೊರಟರೆ ಹಿಂದೆ ಹೋಗಬೇಕಾದವರೂ ಅವರೇ. ನೀವು ಮಕ್ಕಳಿಗೆ ಬಡಿಸಿ, ನೆಗೆಣ್ಣಿಯನ್ನೂ ಕೂಡಿಸಿಕೊಂಡು ಉಣ್ಣಿ.

ಅತ್ತೆಯವರ ಬಳಿಯೂ ಒಮ್ಮೆ ಕುಳಿತು ಮಾತನಾಡಿ. ಇಬ್ಬರು ಮಕ್ಕಳು ಅವರ ಧರ್ಮಕ್ಕಾಗಿ ಬಡಿದಾಡಿದರಲ್ಲ, ನೀವು ಬರೆದ ಅಷ್ಟೂ ಸಾಲುಗಳಲ್ಲಿ ಅವರನ್ನು ಯಾರಾದರೂ ಕೇಳಿದ ಸುಳಿವೇ ನನಗೆ ಕಾಣಲಿಲ್ಲ. ಅವರು ಏನು ಬರೆಸುತ್ತಿದ್ದರೋ ಅದು ಅವರಿಗೆ ಬಿಟ್ಟದ್ದು. ಆದರೆ "ನನ್ನ ಹೆಸರು ಎತ್ತಿ ಜಗಳವಾಡಬೇಡಿ" ಎಂದು ಮಕ್ಕಳಿಗೆ ಹೇಳುವ ಅಧಿಕಾರ ಆ ಮನೆಯಲ್ಲಿ ಅವರೊಬ್ಬರಿಗೇ ಇದೆ. ಅದನ್ನು ಅವರು ಸೊಸೆಯ ಹೆಗಲಿಗೆ ದಾಟಿಸುವುದು ತರವಲ್ಲ, ಗೌರವದಿಂದಲೇ ಹಾಗೆಂದು ತಿಳಿಸಿ.

ಇನ್ನು ನೀವೇ ಮಾಡಬೇಕಾದದ್ದು ಒಂದಿದೆ. ಮೈದುನನ ಹೆಂಡತಿಗೆ ಈ ವಾರವೇ ಫೋನ್ ಮಾಡಿ. ತಾನು ಆಡದ ಜಗಳಕ್ಕಾಗಿ ಮಕ್ಕಳನ್ನು ಎಬ್ಬಿಸಿಕೊಂಡು ಅರ್ಧ ಊಟಕ್ಕೆ ಹೋದವಳು ಅವಳು. ಆಮೇಲೆ ಯಾರೂ ಅವಳನ್ನು ಮಾತನಾಡಿಸಿರಲಿಕ್ಕಿಲ್ಲ. ಗಂಡಂದಿರ ಸುದ್ದಿ ತೆಗೆಯಬೇಡಿ. ಈ ಸಲದ ಶೇಂಗಾ ಹೋಳಿಗೆ ನಿನ್ನ ಪಾಲಿಗೆ ಎಂದು ಹೇಳಿ. ಮಾಡಲು ಬಾರದಿದ್ದರೆ ಬರುವ ದಾರಿಯಲ್ಲಿ ಕಲಬುರಗಿಯ ಅಂಗಡಿಯಿಂದ ಕಟ್ಟಿಸಿಕೊಂಡು ಬಂದರೂ ನಡೆದೀತು.