ಒಳಗೂ 2.6, ಹೊರಗೂ 2.6

ಪ್ರಶ್ನೆ: 10 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು, ಒಳಗೊಂದು ಹೊರಗೊಂದು 24 ಬಾಹುಗಳ ಬಹುಭುಜ ರಚಿಸಿದೆ. ಎರಡರ ಬಾಹುವೂ ಸ್ಕೇಲಿನಲ್ಲಿ 2.6 ಸೆಂ.ಮೀ. ಬಂತು. ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದರೆ ಎರಡಕ್ಕೂ 3.12. ಪೈ ಅದಕ್ಕಿಂತ ಹೆಚ್ಚಲ್ಲವೇ? ಅಲ್ಲದೆ, ಒಳಗಿನದೊಂದೇ ಸಾಲದೇ, ಹೊರಗಿನದೇಕೆ?
– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ, ಸಾಗರ

ಉತ್ತರ: ನಿಮ್ಮ ರಚನೆ ಸರಿಯಾಗಿಯೇ ಇದೆ. ಒಳಬಾಹುವಿನ ನಿಜವಾದ ಉದ್ದ 2.611 ಸೆಂ.ಮೀ., ಹೊರಬಾಹುವಿನದು 2.633. ಕಾಲು ಮಿಲಿಮೀಟರೂ ಇಲ್ಲದ ಈ ಅಂತರವನ್ನು ಪೆನ್ಸಿಲ್ ಗೆರೆಯ ದಪ್ಪವೇ ನುಂಗಿಬಿಡುತ್ತದೆ. ಒಂದು ಬಾಹುವಿನಲ್ಲಿ ಬಿಟ್ಟುಹೋದ ಚೂರು ಸುತ್ತಳತೆಯಲ್ಲಿ 24 ಪಟ್ಟಾಗುವುದರಿಂದ 3.12 ಬಂದಿದೆ. ಬಾಹುಗಳು ಹೆಚ್ಚಿದಷ್ಟೂ ಸ್ಕೇಲು ಕೈಕೊಡುತ್ತದೆ.

ಕ್ರಿ.ಪೂ. 3ನೇ ಶತಮಾನದಲ್ಲಿ ಸಿರಾಕ್ಯೂಸಿನ ಆರ್ಕಿಮಿಡೀಸ್ ಸ್ಕೇಲನ್ನು ನಂಬದೆ ಲೆಕ್ಕವನ್ನೇ ನಂಬಿದ. ಅವನ ದಾರಿಯನ್ನು ಇಂದಿನ ದಶಮಾಂಶಗಳಲ್ಲಿ ನಡೆದು ನೋಡಿ. ಒಳಗಿನ ಷಡ್ಭುಜದ ಬಾಹು ತ್ರಿಜ್ಯಕ್ಕೇ ಸಮ. ಹಾಗಾಗಿ ಸುತ್ತಳತೆ ವ್ಯಾಸದ ಸರಿಯಾಗಿ 3 ಪಟ್ಟು. ಹೊರಗಿನದು 3.4641 ಪಟ್ಟು. ಇವೆರಡರ ಗುಣಲಬ್ಧವನ್ನು ಇಮ್ಮಡಿಸಿ, ಮೊತ್ತದಿಂದ ಭಾಗಿಸಿದರೆ 3.2154 ಬರುತ್ತದೆ, ಇದು 12 ಬಾಹುಗಳ ಹೊರ ಆಕೃತಿಯದು. ಅದನ್ನು 3ರಿಂದ ಗುಣಿಸಿ ವರ್ಗಮೂಲ ತೆಗೆದರೆ 3.1058, ಒಳಗಿನದು. ಇನ್ನೊಮ್ಮೆ ಹೀಗೆಯೇ ಮಾಡಿದರೆ ನಿಮ್ಮ 24 ಬಾಹುಗಳಿಗೆ 3.1326 ಮತ್ತು 3.1597 ಸಿಗುತ್ತವೆ. ದಶಮಾಂಶ ಪದ್ಧತಿಯೇ ಇಲ್ಲದ ಕಾಲದಲ್ಲಿ, ಬರೀ ಭಿನ್ನರಾಶಿಗಳಿಂದ ವರ್ಗಮೂಲಗಳನ್ನು ಹಿಡಿಯುತ್ತ ಆತ 96 ಬಾಹುಗಳವರೆಗೆ ಹೋದ. ಪೈ 3 10/71ಕ್ಕಿಂತ ಹೆಚ್ಚು, 3 1/7ಕ್ಕಿಂತ ಕಡಿಮೆ ಎಂದು ಸಾಧಿಸಿದ. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಇನ್ನು ಹೊರಗಿನ ಆಕೃತಿಯ ಮಾತು. ಒಳಗಿನದು 'ಇದಕ್ಕಿಂತ ಕಡಿಮೆಯಿಲ್ಲ' ಎನ್ನುತ್ತದೆ, ಅಷ್ಟೆ. ಎಲ್ಲಿ ನಿಲ್ಲಬೇಕೆಂದು ಹೇಳುವುದು ಹೊರಗಿನದು. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ನಮ್ಮ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಸ್ಥೂಲ ಲೆಕ್ಕಕ್ಕೆ 3, ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲ, ಅಂದರೆ 3.1623 ಬಳಸಿದರು. 12 ಬಾಹುಗಳ ಬೇಲಿಯೊಳಗೆ ಅದು ನಿಲ್ಲುತ್ತದೆ. ನಿಮ್ಮ 24 ಬಾಹುಗಳ ಹೊರ ಆಕೃತಿ ಮಾತ್ರ ಅದನ್ನು ಹೊರಗೆ ಹಾಕುತ್ತದೆ. ಪಠ್ಯಪುಸ್ತಕದ 22/7 ಕೂಡ 96 ಬಾಹುಗಳ ಹೊರ ಸುತ್ತಳತೆಯಾದ 3.1427ನ್ನು ಚೂರು ದಾಟಿಯೇ ಇದೆ. ಒಳಗಿನ ಬಹುಭುಜವನ್ನಷ್ಟೇ ನೋಡುತ್ತ ಕುಳಿತಿದ್ದರೆ ಇವೆರಡನ್ನೂ ಅಲ್ಲಗಳೆಯಲು ಆಧಾರವೇ ಇರುತ್ತಿರಲಿಲ್ಲ.

48 ಬಾಹುಗಳ ಲೆಕ್ಕ ನೀವೇ ಮಾಡಿ. ಒಳಗೆ 3.139, ಹೊರಗೆ 3.146 ಬರಬೇಕು.