ಪೋರ್ಷೆ 919 ಹೈಬ್ರಿಡ್ ರೇಸ್ ಕಾರಿನಲ್ಲಿ ಇದ್ದದ್ದು ಬರೀ 2 ಲೀಟರ್ ಎಂಜಿನ್, ಆದರೂ ಚಾಂಪಿಯನ್ ಆದದ್ದು ಹೇಗೆ?
ಎಂಜಿನ್ ಚಿಕ್ಕದಿದ್ದದ್ದೇ ಅನುಕೂಲವಾಯಿತು. 2014ರಿಂದ ವಿಶ್ವ ಎಂಡ್ಯೂರೆನ್ಸ್ (ದೀರ್ಘಾವಧಿ ರೇಸ್) ಚಾಂಪಿಯನ್‌ಷಿಪ್‌ನ ನಿಯಮಗಳು ಪ್ರತಿ ಲ್ಯಾಪ್‌ನಲ್ಲಿ ಸುಡುವ ಇಂಧನಕ್ಕೇ ಮಿತಿ ಹಾಕಿದವು. ಹಾಗಾಗಿ ಹಗುರವಾದ ಟರ್ಬೊ ವಿ4 (ನಾಲ್ಕು ಸಿಲಿಂಡರ್) ಎಂಜಿನ್ ಹಿಂದಿನ ಚಕ್ರಗಳಿಗೆ ಸುಮಾರು 500 ಅಶ್ವಶಕ್ತಿ ಕೊಟ್ಟರೆ, ಮುಂದಿನ ಚಕ್ರಗಳನ್ನು 400ಕ್ಕೂ ಹೆಚ್ಚು ಅಶ್ವಶಕ್ತಿಯ ವಿದ್ಯುತ್ ಮೋಟಾರ್ ತಿರುಗಿಸುತ್ತಿತ್ತು.

ನಿಜವಾದ ಜಾಣ್ಮೆ ಇರುವುದು ಚಾರ್ಜಿಂಗ್‌ನಲ್ಲಿ. ಬ್ರೇಕ್ ಹಾಕಿದಾಗ ಆ ಮೋಟಾರೇ ಜನರೇಟರ್ ಆಗುತ್ತದೆ. ಇದು ಎದುರಾಳಿಗಳ ಹತ್ತಿರವೂ ಇತ್ತು. ಪೋರ್ಷೆ ಮಾತ್ರ ಎಕ್ಸಾಸ್ಟ್ ಹಾದಿಯಲ್ಲಿ ಇನ್ನೊಂದು ಪುಟ್ಟ ಟರ್ಬೈನ್ ಇಟ್ಟು, ಅದರಿಂದ ಒಂದು ಜನರೇಟರ್ ಓಡಿಸಿತು. ಅಂದರೆ ಆಕ್ಸಿಲರೇಟರ್ ತುಳಿದಾಗಲೂ 800 ವೋಲ್ಟ್ ಲಿಥಿಯಂ ಬ್ಯಾಟರಿ ತುಂಬುತ್ತಿತ್ತು! 2015ರಿಂದ ಫ್ರಾನ್ಸ್‌ನ 24 ಗಂಟೆಗಳ ರೇಸ್ ಆದ ಲೆ ಮಾನ್ಸ್‌ನ 13.6 ಕಿ.ಮೀ. ಲ್ಯಾಪ್‌ನಲ್ಲಿ 8 ಮೆಗಾಜೂಲ್ ವಿದ್ಯುತ್ ಶಕ್ತಿ ಬಳಸುವ ವರ್ಗಕ್ಕೆ ಕಾರು ಏರಿತು.

ತೊಂದರೆಗಳೂ ಇದ್ದವು. ಮೊದಲ ಪರೀಕ್ಷೆಗಳಲ್ಲಿ ವಿ4ನ ಕಂಪನ ವಿಪರೀತವಾಗಿ, ಕ್ರ್ಯಾಂಕ್‌ಶಾಫ್ಟನ್ನೇ ಬದಲಿಸಬೇಕಾಯಿತು. 2017ರ ಲೆ ಮಾನ್ಸ್‌ನಲ್ಲಿ 2ನೇ ನಂಬರಿನ ಕಾರಿನ ಮುಂದಿನ ಮೋಟಾರ್ ಕೆಟ್ಟು, ಅದನ್ನು ಬದಲಿಸಲು ಒಂದು ಗಂಟೆಗೂ ಹೆಚ್ಚು ಪಿಟ್‌ನಲ್ಲೇ ಕಳೆಯಿತು. ಬರ್ನ್‌ಹಾರ್ಡ್, ಬ್ಯಾಂಬರ್, ಹಾರ್ಟ್ಲಿ ಎಂಬ ಚಾಲಕರು ಆದರೂ ಅದೇ ಕಾರಿನಲ್ಲಿ ಗೆದ್ದರು. 2015, 2016, 2017 ಮೂರೂ ವರ್ಷ ಲೆ ಮಾನ್ಸ್ ಗೆಲುವು, ಜೊತೆಗೆ ತಯಾರಕರ ಮತ್ತು ಚಾಲಕರ ಪ್ರಶಸ್ತಿಗಳು ಪೋರ್ಷೆಗೇ ಬಂದವು.