ಮಿಲಿಟರಿ ನರ್ಸ್ ಆದವರು ಯುದ್ಧದಲ್ಲಿ ಗಡಿಯಲ್ಲೇ ಇರಬೇಕಾ?

ಸಾಮಾನ್ಯವಾಗಿ ಇಲ್ಲ. ತೀರ್ಥಹಳ್ಳಿ ಕಡೆಯ ಸೈನಿಕರ ಮನೆಯ ಹುಡುಗಿ ಮಿಲಿಟರಿ ನರ್ಸಿಂಗ್ ಸರ್ವಿಸ್ ಸೇರಿದರೆ (ಅಪ್ಪ ಹವಾಲ್ದಾರರೇ ಆಗಿರಲಿ, ಮಗಳು ಶುರು ಮಾಡುವುದು ಲೆಫ್ಟಿನೆಂಟ್ ಆಗಿ) ಯುದ್ಧಕಾಲದ ಕೆಲಸ ಹೆಚ್ಚಾಗಿ ಮುಂಚೂಣಿಯ ಹಿಂದಿನ ಆಸ್ಪತ್ರೆಗಳಲ್ಲಿ. ಗಾಯಾಳುವನ್ನು ಹಂತಹಂತವಾಗಿ ಹಿಂದಕ್ಕೆ ಸಾಗಿಸುವುದೇ ಇದಕ್ಕೆ ಕಾರಣ: ಮುಂದೆ ರಕ್ತ ನಿಲ್ಲಿಸುತ್ತಾರೆ, ಆಪರೇಷನ್ ಮತ್ತು ಆರೈಕೆ ಹಿಂದೆ.

ಒಟ್ಟಿಗೆ ಹತ್ತು ಜನ ಬಂದರೆ ಕೂಗಾಡುವವರಿಗಿಂತ ಸದ್ದಿಲ್ಲದೆ ಮಲಗಿದವರನ್ನು ಮೊದಲು ನೋಡಬೇಕು; ಕೂಗುವವರಿಗೆ ಉಸಿರಾದರೂ ಆಡುತ್ತಿದೆ. ಕಾಲಿಗೆ ಟೂರ್ನಿಕೆಟ್, ಅಂದರೆ ರಕ್ತ ತಡೆಯುವ ಬಿಗಿಪಟ್ಟಿ ಇದ್ದರೆ, ಕಟ್ಟಿದ ಸಮಯ ಓದಬೇಕು. 2 ಗಂಟೆ ದಾಟಿದರೆ ಸ್ನಾಯು, ನರಗಳಿಗೆ ಪೆಟ್ಟು. ಸಮಯ ಬರೆಯದೆ ಕಳಿಸಿದ್ದರೆ ಅದೇ ದೊಡ್ಡ ತಲೆನೋವು. (ನಮ್ಮ ತೋಟಗಳಲ್ಲಿ ಹಾವು ಕಚ್ಚಿದಾಗ ಹಗ್ಗ ಬಿಗಿಯುತ್ತಾರಲ್ಲ, ಅದು ಬೇಡವೇ ಬೇಡ.)